ಬುರುಡೆ, ಬಿದಿರು, ಒಂದೆಳೆ ತಂತಿ

ಏಕತಾರಿಗೆ ಬೇಕಾಗುವುದು ಒಂದು ಒಣ ಸೋರೆಬುರುಡೆ, ಮೂರಡಿ ಆಸುಪಾಸಿನ ಬಿದಿರ ಕೋಲು, ಬುರುಡೆಯ ಬಾಯಿಗೆ ಬಿಗಿಯಲು ಅಂಗೈಯಗಲದ ಆಡಿನ ತೊಗಲು ಇಲ್ಲವೇ ತೆಳುವಾದ ಹಲಗೆಯ ತುಂಡು, ಕಟ್ಟಿಗೆಯ ಒಂದು ಬಿರಡೆ, ತಂತಿಯನ್ನು ಎತ್ತಿ ಹಿಡಿಯುವ ಒಂದು ಕುದುರೆ, ಒಂದೆಳೆ ತಂತಿ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಇದನ್ನು ಸಂಗೀತದ ಅಂಗಡಿಯಿಂದಲೇ ತರಬೇಕೆಂದಿಲ್ಲ. ಬುರುಡೆ ಬೇಲಿಯ ಮೇಲೆ ಬೆಳೆಯುತ್ತದೆ, ಬಿದಿರು ಸಂತೆಯಲ್ಲಿ ಸಿಗುತ್ತದೆ, ತಂತಿ ಹರಿದರೆ ಸೈಕಲ್ಲಿನ ಬ್ರೇಕಿನ ತಂತಿಯಿಂದ ಬಿಡಿಸಿಕೊಂಡ ಒಂದೆಳೆಯೂ ನಡೆಯುತ್ತದೆ. ತತ್ವಪದ, ದಾಸರ ಪದ, ಭಜನೆ ಈ ಮೂರೂ ಇಲ್ಲಿ ಮನೆಯಿಂದ ಮನೆಗೆ, ಊರಿಂದ ಊರಿಗೆ ದಾಟಿದ್ದು ಇಂಥ ಅಗ್ಗದ ವಾದ್ಯಗಳ ಜೊತೆಯಲ್ಲಿ. ಹೊಲವಿಲ್ಲದವರೂ ಅಕ್ಷರ ಕಲಿಯದವರೂ ಹಾಡುಗಾರರಾಗಲು ಅವು ಅಡ್ಡಿಯಾಗಲಿಲ್ಲ. ಈ ಸೀಮೆಯ ಹಾಡಿನ ಚರಿತ್ರೆ ತಿಳಿಯಲು ಹೊರಟವರು ರಾಗಗಳನ್ನು ವಿಚಾರಿಸುವ ಮೊದಲು ವಾದ್ಯದ ಬೆಲೆಯನ್ನು ವಿಚಾರಿಸಬೇಕು.

ವಾದ್ಯ ಕಟ್ಟುವುದರಲ್ಲಿ ಹೆಚ್ಚು ತಿಳಿವಳಿಕೆ ಬೇಡುವ ಹಂತ ಬುರುಡೆಯ ಆಯ್ಕೆ. ಕಾಯಿ ಬಳ್ಳಿಯಲ್ಲೇ ಬಲಿತು ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಎಳೆಯದನ್ನು ಕೊಯ್ದು ಬಿಸಿಲಿಗಿಟ್ಟರೆ ಓಡು ಮುದುಡಿ ಬಿರಿಯುತ್ತದೆ. ಬಲಿತ ಬುರುಡೆಯ ಒಂದು ಮಗ್ಗುಲನ್ನು ಕೊಯ್ದು, ತಿರುಳನ್ನೂ ಬೀಜವನ್ನೂ ಕೆರೆದು ತೆಗೆದು, ಎದುರುಬದುರಾಗಿ ಕೊರೆದ ತೂತುಗಳಲ್ಲಿ ಬಿದಿರನ್ನು ಹಾಯಿಸುತ್ತಾರೆ. ನೀರಲ್ಲಿ ನೆನೆಸಿದ ತೊಗಲನ್ನು ಬಾಯಿಗೆ ಎಳೆದು ಅಂಟಿಸಿ, ದಾರದಿಂದ ಬಿಗಿದು ನೆರಳಲ್ಲಿ ಒಣಗಲು ಬಿಟ್ಟರೆ ಅದು ತಾನಾಗಿ ಸೆಟೆದುಕೊಳ್ಳುತ್ತದೆ. ಕೋಲಿನ ಬುಡಕ್ಕೆ ಕಟ್ಟಿದ ತಂತಿ ತೊಗಲಿನ ಮೇಲೆ ಕೂತ ಕುದುರೆಯನ್ನು ದಾಟಿ ತುದಿಯ ಬಿರಡೆಗೆ ಸುತ್ತಿಕೊಂಡಾಗ ವಾದ್ಯ ಸಿದ್ಧ. ಕುದುರೆ ಎತ್ತರವಾದರೆ ತಂತಿ ತೊಗಲನ್ನು ಅತಿಯಾಗಿ ಅಮುಕಿ ನಾದ ಮಂಕಾಗುತ್ತದೆ. ತಗ್ಗಾದರೆ ತಂತಿ ಅಂಚಿಗೆ ತಾಗಿ ಕರಕರ ಎನ್ನುತ್ತದೆ. ಚಾಕುವಿನಿಂದ ಕೂದಲೆಳೆಯಷ್ಟು ಕೆರೆದು ಮತ್ತೆ ಮೀಟಿ ನೋಡುವುದೇ ಇದಕ್ಕಿರುವ ಅಳತೆಗೋಲು.

ಏಕತಾರಿಯಲ್ಲಿ ಸ್ವರ ಬದಲಾಗುವುದಿಲ್ಲ. ಅದು ಹಾಡುಗಾರರ ಷಡ್ಜವನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಆದರೆ ಮೀಟಿದ ತಂತಿ ಒಂದೇ ನಾದವನ್ನು ಕೊಡುವುದೂ ಇಲ್ಲ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಎರಡನೆಯ ಕಂಪನದಲ್ಲಿ ಮೇಲಿನ ಷಡ್ಜ, ಮೂರನೆಯದರಲ್ಲಿ ಪಂಚಮ, ಐದನೆಯದರಲ್ಲಿ ಗಾಂಧಾರ ಅಡಗಿರುತ್ತದೆ. ಪಳಗಿದ ಕಿವಿಗೆ ಇವು ಬೇರೆಬೇರೆಯಾಗಿಯೇ ಕೇಳುತ್ತವೆ. ಇನ್ನು ಶ್ರುತಿಯನ್ನು ಏರಿಸುವುದು, ಇಳಿಸುವುದು ಬಿರಡೆಯ ಕೆಲಸ. ಅದೇ ತಂತಿಯ ಬಿಗಿತವನ್ನು ನಾಲ್ಕು ಪಟ್ಟು ಮಾಡಿದರೆ ನಾದ ಒಂದು ಸ್ಥಾಯಿ ಮೇಲೇರುತ್ತದೆ. ಅಷ್ಟು ಬಿಗಿಯುವ ಮೊದಲೇ ಸಾಮಾನ್ಯವಾಗಿ ತಂತಿ ಹರಿಯುತ್ತದೆ ಎಂಬುದು ಬೇರೆ ಮಾತು. ಹೆಂಗಸಿನ ಕೊರಳು, ಮುದುಕರ ಕೊರಳು, ಬೆಳಗಿನ ಜಾವದ ಬಿಗಿದ ಕೊರಳು ಎಲ್ಲಕ್ಕೂ ಬಿರಡೆ ತಿರುಗುತ್ತದೆ. ಹಾಡುವವರು ವಾದ್ಯಕ್ಕೆ ಬಗ್ಗಬೇಕಾಗಿಲ್ಲ, ವಾದ್ಯವೇ ಅವರ ಕೊರಳಿಗೆ ಹೊಂದಿಕೊಳ್ಳುತ್ತದೆ. ದುಬಾರಿ ವಾದ್ಯಗಳಲ್ಲೂ ಎಲ್ಲಕ್ಕೂ ಈ ಗುಣವಿಲ್ಲ.

ನುಡಿಸುವ ಕ್ರಮ ಸರಳ. ಕೋಲನ್ನು ಹೆಗಲಿಗೆ ಒರಗಿಸಿ, ಬುರುಡೆಯನ್ನು ತೊಡೆಯ ಮೇಲೋ ಸೊಂಟದ ಮಗ್ಗುಲಿಗೋ ಇಟ್ಟು, ಕೋಲು ಹಿಡಿದ ಕೈಯ ತೋರುಬೆರಳಿನಿಂದಲೇ ತಂತಿ ಮೀಟುತ್ತಾರೆ. ಇನ್ನೊಂದು ಕೈ ಬಿಡುವಾಗಿ ಉಳಿಯುತ್ತದೆ. ಆ ಕೈಗೆ ಚಿಟಿಕೆ ಬರುತ್ತದೆ. ಚಿಟಿಕೆಯೆಂದರೆ ಹಿತ್ತಾಳೆಯ ಪುಟ್ಟ ಬಿಲ್ಲೆಗಳನ್ನು ಕೂಡಿಸಿದ ಎರಡು ಕಟ್ಟಿಗೆಯ ತುಂಡು. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ದಮ್ಮಡಿಯೆಂಬ ತೊಗಲಿನ ಕೈವಾದ್ಯ, ಮತ್ತೊಬ್ಬರಿದ್ದರೆ ತಾಳ. ಒಬ್ಬರೇ ಇದ್ದರೂ ಶ್ರುತಿ, ಲಯ, ಹಾಡು ಮೂರೂ ಒಬ್ಬರಿಂದಲೇ ನಡೆಯುತ್ತವೆ. ಊರೂರು ತಿರುಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ.

ದಂಡಿಗೆ (ಕೋಲು), ಸೋರೆ, ತಂತಿ ಎಂಬ ಈ ಅಂಗಗಳು 12ನೇ ಶತಮಾನದ ಕನ್ನಡಕ್ಕೂ ಚೆನ್ನಾಗಿ ಗೊತ್ತಿದ್ದವು. ತನ್ನ ಮೈಯನ್ನೇ ವಾದ್ಯವಾಗಿಸಿ ನುಡಿಸೆಂದು ಬಸವಣ್ಣ ಕೂಡಲಸಂಗಮನನ್ನು ಬೇಡಿಕೊಂಡ ವಚನದಲ್ಲಿ ದೇಹದ ಒಂದೊಂದು ಭಾಗವೂ ವಾದ್ಯದ ಒಂದೊಂದು ಅಂಗವಾಗುತ್ತದೆ. ಆ ವಾದ್ಯ ಹೇಗೆ ಕಟ್ಟಲ್ಪಡುತ್ತದೆಂದು ಕೇಳುಗರಿಗೆ ಮೊದಲೇ ತಿಳಿದಿದ್ದರಿಂದಲೇ ಆ ಬೇಡಿಕೆ ಅವರ ಎದೆಗೆ ನಾಟಿತು. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮ ಲಿಂಗಸುಗೂರಿನಿಂದ ಬಹಳ ದೂರವೇನಲ್ಲ.

ಬಳ್ಳಾರಿಯಿಂದ ಸಿರುಗುಪ್ಪದ ಮೇಲೆ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸುತ್ತದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಸುಮಾರು 60 ಕಿಲೋಮೀಟರ್. ಈ ದಾರಿಯಲ್ಲಿ ಸಾಗುವವರಿಗೆ ಮೊದಲು ಕಾಣುವುದು ನೀರು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿತು. ನೀರಿನ ಹಿಂದೆ ಮಂದಿ ಬಂದರು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕ್ಯಾಂಪುಗಳನ್ನು ಮಾಡಿಕೊಟ್ಟಿತು. ಆರ್.ಎಚ್. ಕ್ಯಾಂಪುಗಳೆಂದೇ ಹೆಸರಾದ ಆ ಊರುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ.

ಬಂಗಾಳದ ಬಾವುಲ್ ಹಾಡುಗಾರರ ಗೋಪಿಯಂತ್ರವೂ ಒಂದೇ ತಂತಿಯ ವಾದ್ಯವೇ. ಆದರೆ ಅದರ ಕಟ್ಟೋಣ ಬೇರೆ. ಸೀಳಿದ ಬಿದಿರಿನ ಎರಡು ಕಾಲುಗಳು ಬುರುಡೆಯ ಎರಡು ಮಗ್ಗುಲಿಗೆ ನಿಲ್ಲುತ್ತವೆ, ತಂತಿ ತಳದ ತೊಗಲಿನ ನಡುವಿನಿಂದ ಹೊರಟು ಟೊಳ್ಳಿನೊಳಗೆ ಹಾದು ಮೇಲಿನ ಬಿರಡೆಗೆ ಸೇರುತ್ತದೆ. ಬಿದಿರಿನ ಕಾಲುಗಳನ್ನು ಅಮುಕಿದರೆ ತಂತಿ ಸಡಿಲಗೊಂಡು ನಾದ ಬಾಗುತ್ತದೆ, ಬಿಟ್ಟರೆ ಏರುತ್ತದೆ. ವಿಶೇಷವೇನೆಂದರೆ ಇದೇ ತತ್ವದ ಮೇಲೆ ನಡೆಯುವ ವಾದ್ಯ ಉತ್ತರ ಕರ್ನಾಟಕದಲ್ಲಿ ಮೊದಲಿನಿಂದಲೂ ಇದೆ. ಎಲ್ಲಮ್ಮನ ಜೋಗತಿಯರ ಚೌಡಿಕೆ ಅದು. ಕಟ್ಟಿಗೆಯ ಇಲ್ಲವೇ ಲೋಹದ ಕೊಳಗದಂಥ ಟೊಳ್ಳು, ಒಂದು ಬಾಯಿಗೆ ತೊಗಲು, ತೊಗಲಿನ ನಡುವಿನಿಂದ ಹೊರಟ ತಂತಿ, ಅದನ್ನು ಬಿಗಿದಿಡುವ ಒಂದು ಕೋಲು. ಕಂಕುಳಲ್ಲಿ ಅವುಚಿಕೊಂಡು ನುಡಿಸುವಾಗ ನಾದ ಏರುತ್ತ ಇಳಿಯುತ್ತ ಮಾತಿನ ಹತ್ತಿರಕ್ಕೆ ಬರುತ್ತದೆ. ಏಕತಾರಿ ಶ್ರುತಿಗೆ ನಿಂತರೆ ಚೌಡಿಕೆ ಹಾಡಿನೊಡನೆ ಸಂವಾದಕ್ಕೆ ಇಳಿಯುತ್ತದೆ. ಚೌಡಿಕೆಯ ನಾದದ ಮೇಲೆ ರಾತ್ರಿಯೆಲ್ಲ ನಡೆದ ಎಲ್ಲಮ್ಮನ ಕಥೆಗಳು ಕನ್ನಡದ ದೊಡ್ಡ ಜನಪದ ಕಾವ್ಯಗಳಲ್ಲಿ ಸೇರುತ್ತವೆ. ಅದನ್ನು ಹಿಡಿದ ಕೈಗಳು ಪಟ್ಟ ಪಾಡನ್ನು ಇಲ್ಲಿ ಬಿಟ್ಟು ಮುಂದೆ ಹೋಗುವಂತಿಲ್ಲ. ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟುಬಿಡುವ ಪದ್ಧತಿಗೆ ರಾಯಚೂರು, ಕೊಪ್ಪಳದ ಸೀಮೆ ಬಹಳ ಕಾಲ ನೆಲೆಯಾಗಿತ್ತು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದ್ದು. ಹಾಡು ಉಳಿಯಬೇಕು, ಆ ಹಾಡಿಗಾಗಿ ಯಾವ ಹುಡುಗಿಯೂ ಬಲಿಯಾಗಬಾರದು. ಚೌಡಿಕೆಯನ್ನು ಮೆಚ್ಚಿಕೊಳ್ಳುವ ಯಾರಾದರೂ ಈ ಎರಡನ್ನೂ ಒಟ್ಟಿಗೇ ಹೇಳಬೇಕು.

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಬಳಿಯ ಸಿದ್ಧಪರ್ವತದಲ್ಲಿ ಅಂಬಾಮಠವಿದೆ. 18ನೇ ಶತಮಾನದ ಚಿದಾನಂದಾವಧೂತರು ನೆಲೆಸಿದ ಜಾಗವಿದು. ಅವರ ಎರಡು ಕೃತಿಗಳು ಎರಡು ದಾರಿಯಲ್ಲಿ ಮಂದಿಯನ್ನು ತಲುಪಿದವು. ಭಾಮಿನಿ ಷಟ್ಪದಿಯ ದೇವೀಮಾಹಾತ್ಮ್ಯೆಯನ್ನು ಉತ್ತರ ಕರ್ನಾಟಕದ ಊರೂರಲ್ಲಿ ನವರಾತ್ರಿಯ ದಿನಗಳಲ್ಲಿ ದೇವಿಪುರಾಣವೆಂದು ಓದಿಸುತ್ತಾರೆ. ಜ್ಞಾನಸಿಂಧು ಅದ್ವೈತದ ಸಾಧಕರ ಕೈಪಿಡಿಯಾಯಿತು. ಮೊದಲನೆಯದಕ್ಕೆ ಒಬ್ಬರು ಓದುವವರು, ಒಬ್ಬರು ಅರ್ಥ ಹೇಳುವವರು, ಕೂಡಿ ಕೂತು ಕೇಳುವ ಒಂದು ಊರು ಬೇಕು. ಎರಡನೆಯದರ ವಿಚಾರಗಳು ಮಾತ್ರ ಅಂಥ ಸಭೆಯನ್ನು ಕಾಯಲಿಲ್ಲ. ಗುರು, ಅರಿವು, ದೇಹದ ಅನಿತ್ಯ, ಒಳಗಿನ ನಾದ ಎಂಬ ಆ ಸಂಗತಿಗಳೆಲ್ಲ ಈ ಸೀಮೆಯ ತತ್ವಪದಗಳಲ್ಲಿಯೂ ಇವೆ, ತತ್ವಪದಗಳಿಗೆ ಏಕತಾರಿಯೊಂದೇ ಸಾಕು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯಲ್ಲೋ ಯಾರದೋ ಪಡಸಾಲೆಯಲ್ಲೋ ಭಜನೆಗೆ ಕೂತಾಗ ಒಬ್ಬರು ಪಲ್ಲವಿ ಎತ್ತಿಕೊಡುತ್ತಾರೆ, ಹಿಮ್ಮೇಳದವರು ಅದನ್ನು ಹಿಡಿಯುತ್ತಾರೆ, ನುಡಿ ಮುಗಿದಂತೆಲ್ಲ ದಮ್ಮಡಿಯ ನಡೆ ಚುರುಕಾಗುತ್ತದೆ. ಪದದ ಅರ್ಥ ತಿಳಿಯದಿದ್ದರೆ ಹಾಡು ನಿಲ್ಲಿಸಿ ಕೇಳುವ ಹಕ್ಕು ಕೂತವರೆಲ್ಲರಿಗೂ ಇರುತ್ತದೆ. ತಂತಿ ಮಿಡಿಯುತ್ತಲೇ ಇರುತ್ತದೆ, ಮಾತು ಮುಗಿದ ಮೇಲೆ ಹಾಡು ಬಿಟ್ಟಲ್ಲಿಂದ ಮುಂದೆ ಹೋಗುತ್ತದೆ. ಸ್ವರವಿಸ್ತಾರಕ್ಕೆ ಹೆಚ್ಚು ಅವಕಾಶವಿಲ್ಲದ ವಾದ್ಯ ನುಡಿಗೆ ಮೊದಲ ಜಾಗ ಬಿಟ್ಟುಕೊಟ್ಟಿತು. ಕೇಳಿ, ಪ್ರಶ್ನಿಸಿ, ಕಲಿಯುವ ಈ ಪದ್ಧತಿ ಬೆಳೆಯಲು ಅದು ಒಂದು ದೊಡ್ಡ ಕಾರಣ.

ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ. ಈ ಸೀಮೆಯ ಜಾತ್ರೆಗಳೆಲ್ಲದರಲ್ಲೂ ಆಟಿಕೆಯವರ ಸಾಲಿನಲ್ಲಿ ಇನ್ನೊಂದು ಬಗೆಯ ಅಗ್ಗದ ವಾದ್ಯಗಳು ಮಾರಾಟಕ್ಕಿರುತ್ತವೆ. ಪ್ಲಾಸ್ಟಿಕ್ ಪೀಪಿ, ಬಿದಿರಿನ ಕೊಳಲು, ಎಳೆದರೆ ಟಕಟಕ ಬಡಿಯುವ ಪುಟ್ಟ ಗಾಡಿ, ಮಣ್ಣಿನ ಬಟ್ಟಲಿಗೆ ಕಾಗದ ಅಂಟಿಸಿ ಬಿದಿರ ಸಿಬಿರು ಚುಚ್ಚಿ ತಂತಿ ಕಟ್ಟಿದ ಪಿಟೀಲು. ಮಾರುವವರು ಆ ಮಣ್ಣಿನ ಪಿಟೀಲಿನ ಮೇಲೆ ಸಿನಿಮಾ ಹಾಡನ್ನು ಸ್ಪಷ್ಟವಾಗಿ ನುಡಿಸುತ್ತ ನಡೆಯುತ್ತಾರೆ. ಕೊಂಡ ಮಗುವಿನ ಕೈಯಲ್ಲಿ ಅದು ಕೀರಲುತ್ತದೆ. ಬೆರಳು ಮೆಟ್ಟುವ ಜಾಗ, ಬಿಲ್ಲಿನ ಒತ್ತಡ, ತಂತಿಯ ಬಿಗಿ ಎಲ್ಲವನ್ನೂ ನುಡಿಸುವವರೇ ಸಂಭಾಳಿಸಬೇಕಾದ ವಾದ್ಯವಿದು. ಹೀಗಾಗಿ ಎಷ್ಟೇ ಅಗ್ಗವಾದರೂ ಕಲಿಯುವವರಿಗೆ ಅದು ಕಠಿಣ. ಏಕತಾರಿ ಅಗ್ಗವೂ ಹೌದು, ಸುಲಭವೂ ಹೌದು. ಈ ಎರಡೂ ಕೂಡಿದಾಗಲೇ ವಾದ್ಯವೊಂದು ಒಂದು ಸಮುದಾಯದ ಕೈಗೆ ದಕ್ಕುತ್ತದೆ.

ಸಿಂಧನೂರಿನಿಂದ ಮಸ್ಕಿಯ ಕಡೆಗೆ ಸಾಗಿದಂತೆ ಗದ್ದೆಯ ಹಸಿರು ತೆಳುವಾಗಿ ಬಂಡೆಗಲ್ಲುಗಳ ಗುಡ್ಡಗಳು ಏಳುತ್ತವೆ. ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಕಂಡ ಅಶೋಕನ ಕಿರುಶಾಸನ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. ದೇವಾನಾಂಪ್ರಿಯನೆಂಬ ಬಿರುದಿನ ಅರಸ ಅಶೋಕನೇ ಎಂಬುದನ್ನು ಹೆಸರಿನ ಸಮೇತ ಹೇಳಿದ್ದು ಈ ಶಾಸನ. ಅದರ ಇನ್ನೊಂದು ಮಾತು ಅಷ್ಟಾಗಿ ಎತ್ತಿ ಆಡಲ್ಪಟ್ಟಿಲ್ಲ. ಧರ್ಮದಲ್ಲಿ ತೊಡಗಿದ ಸಣ್ಣ ಮನುಷ್ಯರಿಗೂ ಆ ಗುರಿ ಎಟುಕುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬುದು ಅದರ ಆಶಯ. ಬಡವರ ಕೈಯ ವಾದ್ಯದ ಜಾಡು ಹಿಡಿದು ಬಂದವರು ಈ ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಸಹಜ.

ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ನಡೆಸಿದ ಉತ್ಖನನ, ಮುದಗಲ್ಲಿನ ಹತ್ತಿರದ ಪಿಕ್ಕಳಿಹಾಳದಲ್ಲಿ ಎಫ್.ಆರ್. ಆಲ್‌ಚಿನ್ ನಡೆಸಿದ ಉತ್ಖನನ ಈ ಭಾಗದ ನವಶಿಲಾಯುಗದ ದನಗಾಹಿ ಬದುಕನ್ನು ತೆರೆದಿಟ್ಟವು. ಪಿಕ್ಕಳಿಹಾಳದ ಬಂಡೆಗಳ ಮೇಲೆ ದನಗಳ ಚಿತ್ರಗಳಿವೆ. ಅದೇ ಸಂಸ್ಕೃತಿಯ ಮಂದಿ ನುಡಿಸುತ್ತಿದ್ದರೆನ್ನಲಾದ ವಾದ್ಯ ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ, ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲಿನ ಗುಡ್ಡದಲ್ಲಿದೆ. ಅಲ್ಲಿನ ಕಪ್ಪು ಡೊಲೆರೈಟ್ ಬಂಡೆಗಳ ಮೇಲೆ ಬಡಿದು ಬಡಿದು ನುಣುಪಾದ ತಗ್ಗುಗಳಿವೆ, ಆ ತಗ್ಗಿಗೆ ಗಟ್ಟಿ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಹೊರಡುತ್ತದೆ. ಪುರಾತತ್ವಜ್ಞೆ ನಿಕೋಲ್ ಬೋಯಿವಿನ್ 2004ರಲ್ಲಿ ಇವುಗಳ ಕುರಿತು ಬರೆದಾಗ ಈ ಕಲ್ಲುಗಳಿಗೆ ಹೊರಜಗತ್ತಿನ ಗಮನ ಸಿಕ್ಕಿತು. ಡೊಲೆರೈಟ್ ನಾದ ಕೊಡುವುದು ಅದರ ಕಣಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ. ಬಂಡೆ ನೆಲಕ್ಕೆ ಪೂರ್ತಿ ಅಂಟಿಕೊಳ್ಳದೆ ಇತರ ಬಂಡೆಗಳ ಮೇಲೆ ಆತು ನಿಂತಾಗ ಕಂಪನ ಉಳಿಯುತ್ತದೆ. ಕಾಸೂ ಖರ್ಚಿಲ್ಲದ ಈ ವಾದ್ಯ ಸಾವಿರಾರು ವರ್ಷ ಬಾಳಿದೆ, ಅದಕ್ಕೆ ಅಪಾಯ ಬಂದದ್ದು ಕಲ್ಲುಗಣಿಗಾರಿಕೆಯಿಂದ. ಜಲ್ಲಿಯಾಗಿ ಹೋದ ಬಂಡೆಯ ನಾದವನ್ನು ಯಾರೂ ಮರಳಿ ಕಟ್ಟಿಕೊಡಲಾರರು, ಆದ್ದರಿಂದ ಆ ಗುಡ್ಡದ ರಕ್ಷಣೆ ತಡವಾಗಬಾರದ ಕೆಲಸ.

ಲಿಂಗಸುಗೂರು ನಿಜಾಮರ ಕಾಲದಲ್ಲಿ ಸೇನೆಯ ಛಾವಣಿಯಾಗಿತ್ತು, ಕೆಲಕಾಲ ಜಿಲ್ಲಾ ಕೇಂದ್ರವೂ ಆಗಿತ್ತು. ಹಾಡಿನ ಲೆಕ್ಕದಲ್ಲಿ ಅದು ಪ್ರಾಣೇಶದಾಸರ ಊರು. ರಾಯಚೂರು ಸೀಮೆಯ ದಾಸಪರಂಪರೆ ಇಲ್ಲಿ ಒತ್ತೊತ್ತಾಗಿ ಬೆಳೆಯಿತು. ಚೀಕಲಪರವಿಯ ವಿಜಯದಾಸರು (1682–1755), ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು (1728–1809), ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು, ಎಲ್ಲರೂ ಒಂದೆರಡು ದಿನದ ನಡಿಗೆಯ ಅಂತರದ ಊರುಗಳವರು. ಹರಿಕಥಾಮೃತಸಾರದಂಥ ಗಹನ ಕೃತಿ ಬರೆದ ಪಂಡಿತರಿಂದ ಹಿಡಿದು ಮನೆಮನೆಯ ಮುಂದೆ ನಿಂತು ಹಾಡುವ ದಾಸರವರೆಗೆ ಎಲ್ಲರ ಗುರುತೂ ತಂಬೂರಿ, ಚಿಟಿಕೆ, ಕಾಲಗೆಜ್ಜೆ. ಮನೆಮನೆಗೆ ಭಿಕ್ಷೆಗೆ ಹೋಗುವ ಮಧುಕರವೃತ್ತಿಯಲ್ಲಿ ಹೊತ್ತುಕೊಂಡು ತಿರುಗಬೇಕಾದ ತಂಬೂರಿ ಕಚೇರಿಯ ತಂಬೂರಿಯಷ್ಟು ದೊಡ್ಡದಾಗಿರಲು ಸಾಧ್ಯವಿರಲಿಲ್ಲ. ಹಗುರವಾಗಿರಬೇಕು, ಬಿದ್ದರೆ ಮತ್ತೆ ಕಟ್ಟಿಕೊಳ್ಳುವಂತಿರಬೇಕು. ದಾಸರ ಪದಗಳು ಮೊದಲು ಬಾಗಿಲಲ್ಲಿ ನಿಂತು ಕೇಳಿದ ಹೆಂಗಸರ ನೆನಪಿಗೆ ಇಳಿದವು, ಆಮೇಲೆ ಅವರ ಬೀಸುವ, ಕುಟ್ಟುವ, ತೂಗುವ ಹೊತ್ತಿನ ಹಾಡಾದವು. ಅಲ್ಲಿ ವಾದ್ಯವೂ ಬೇಕಿರಲಿಲ್ಲ. ಬೀಸುಕಲ್ಲಿನ ಗುಂಯ್‌ಗುಡುವಿಕೆಯೇ ಶ್ರುತಿಯಾಯಿತು.

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋದರೆ ಕೋಟೆಯ ಜೊತೆಗೆ ಮೊಹರಂ ಎದುರಾಗುತ್ತದೆ. ಹುಸೇನಿ ಆಲಂ ದರ್ಗಾದ ಆ ಹಬ್ಬಕ್ಕೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ, ಹರಕೆ ಹೊರುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಹಲಗೆ ಬೇಕು, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಮೇಳಕ್ಕೆ ಕೈಯ ದಸ್ತಿಯೂ ಕಾಲಿನ ಗೆಜ್ಜೆಯೂ ಸಾಕು. ಹಸನ್ ಹುಸೇನರ ಸಾವಿನ ಆ ಹಾಡುಗಳನ್ನು ಕಟ್ಟಿ ಹಾಡಿದವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಬೇರೆ ಬೇರೆ ಜಾತಿಯ ಹಿಂದೂಗಳೂ ಇದ್ದಾರೆ. ದುಃಖದ ಕಥೆಗೆ ಊರೇ ಹಿಮ್ಮೇಳವಾಗುವುದು ಈ ನಾಡಿನ ದೊಡ್ಡ ಗುಣ.

ಹಲಗೆಯೆಂದರೆ ಕಟ್ಟಿಗೆಯ ಇಲ್ಲವೇ ಕಬ್ಬಿಣದ ಬಳೆಗೆ ಬಿಗಿದ ತೊಗಲು. ನುಡಿಸುವ ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾರೆ. ತೊಗಲಿನ ತೇವ ಆರಿದಂತೆ ಅದು ಸೆಟೆದು, ಮಂದವಾಗಿದ್ದ ಪೆಟ್ಟು ಕಣಕಣ ಎನ್ನತೊಡಗುತ್ತದೆ. ಇಬ್ಬನಿಯ ರಾತ್ರಿಯಲ್ಲಿ ಮತ್ತೆ ಮತ್ತೆ ಬೆಂಕಿಗೆ ಹಿಡಿಯಬೇಕು. ಇದನ್ನು ಹದ ಮಾಡಿ, ಬಿಗಿದು, ಬಾರಿಸುವ ವಿದ್ಯೆ ಮಾದಿಗರದ್ದು. ಅವರು ಕಟ್ಟಿದ ವಾದ್ಯವಿಲ್ಲದೆ ಊರಿನ ಮದುವೆಯಿಲ್ಲ, ಜಾತ್ರೆಯಿಲ್ಲ, ಶವಯಾತ್ರೆಯಿಲ್ಲ. ಆದರೂ ಬಾರಿಸುವವರನ್ನು ಗುಡಿಯ ಹೊರಗೆ ನಿಲ್ಲಿಸಲಾಯಿತು, ಬಾರಿಸುವುದನ್ನು ಬಿಟ್ಟಿ ಚಾಕರಿಯಾಗಿ ಹೇರಲಾಯಿತು. 1970ರ ದಶಕದಿಂದ ದಲಿತ ಚಳವಳಿ ಇದೇ ಹಲಗೆ, ತಮಟೆಗಳನ್ನು ಹೋರಾಟದ ಹಾಡಿನ ಮುಂದೆ ತಂದು ನಿಲ್ಲಿಸಿತು. ಚಾಕರಿಗೆ ಬಾರಿಸಲಾರೆವು ಎಂದವರೂ, ನಮ್ಮ ಮಾತಿಗೆ ನಾವೇ ಬಾರಿಸುತ್ತೇವೆ ಎಂದವರೂ ಹೇಳಿದ್ದು ಒಂದೇ ಘನತೆಯ ಮಾತನ್ನು.

ಇಂದು ಸಿಂಧನೂರು ಸೀಮೆಯ ಬಹಳಷ್ಟು ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ, ತಬಲಾ ಇವೆ. ಯುರೋಪಿನಲ್ಲಿ ಕಾಲಿನಿಂದ ಒತ್ತಿ ನುಡಿಸುತ್ತಿದ್ದ ಹಾರ್ಮೋನಿಯಮ್ಮನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರ ಹೊತ್ತಿಗೆ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟರೂ ಕಂಪನಿ ನಾಟಕಗಳು, ಪುರಾಣ ಪ್ರವಚನಗಳು ಅದನ್ನು ಊರಿನೊಳಕ್ಕೆ ತಂದವು. ಅದರ ರೀಡುಗಳು ಮಾಡಿದ ದಿನವೇ ನಿಗದಿಯಾದ ಶ್ರುತಿಯವು, ಹಾಡುವವರು ಬಿಳಿ ಒಂದಕ್ಕೋ ಕರಿ ನಾಲ್ಕಕ್ಕೋ ತಮ್ಮ ಕೊರಳನ್ನು ಕೂರಿಸಬೇಕು. ಅದರಿಂದ ಲಾಭವೂ ಇದೆ, ಹತ್ತಾರು ಮಂದಿ ಕೂಡಿ ಹಾಡುವಾಗ ಧಾಟಿ ಕೈತಪ್ಪುವುದಿಲ್ಲ. ಆದರೆ ಬೆಲೆ ಏರಿದೊಡನೆ ವಾದ್ಯ ಒಬ್ಬರದಾಗದೆ ಮಂಡಳಿಯದಾಯಿತು, ಮಂಡಳಿಯ ಬೀರುವಿನಲ್ಲಿ ಬೀಗದೊಳಗೆ ಕೂತಿತು. ರಿಪೇರಿಗೆ ಪಟ್ಟಣಕ್ಕೆ ಹೊರಬೇಕಾಯಿತು.

ಈಗ ಶ್ರುತಿಪೆಟ್ಟಿಗೆಯನ್ನೂ ಮೀರಿ ಮೊಬೈಲಿನಲ್ಲಿ ತಂಬೂರಿಯ ನಾದ ಬರುತ್ತದೆ, ಖರ್ಚಿಲ್ಲದೆ. ಕಲಿಯುವ ಮಕ್ಕಳಿಗೆ ಅದು ದೊಡ್ಡ ಅನುಕೂಲ, ಅದನ್ನು ಹಗುರವಾಗಿ ಕಾಣಬಾರದು. ಏಕತಾರಿಯ ಮೀಟಿನಲ್ಲಿ ಮಾತ್ರ ಶ್ರುತಿಯ ಜೊತೆಗೆ ಲಯವೂ ಇದೆ. ಹಾಡುವವರ ಉಸಿರು ನಿಂತಲ್ಲಿ ಬೆರಳೂ ನಿಧಾನಿಸುತ್ತದೆ, ನುಡಿ ಓಡಿದಲ್ಲಿ ಬೆರಳೂ ಓಡುತ್ತದೆ. ಹೊಸದಾಗಿ ಹಿಡಿದವರು ಮೊದಲು ತಮ್ಮ ಮಾತಿನ ಸಹಜ ಎತ್ತರದಲ್ಲಿ ಒಂದು ಸ್ವರ ಎಳೆದು, ತಂತಿ ಅದಕ್ಕೆ ಕೂಡುವವರೆಗೆ ಬಿರಡೆ ತಿರುಗಿಸಬೇಕು. ಎರಡು ನಾದಗಳ ನಡುವಿನ ತೊನೆದಾಟ ನಿಂತಾಗ ಶ್ರುತಿ ಸೇರಿದೆಯೆಂದು ಅರ್ಥ. ಆಮೇಲೆ ಒಂದೇ ನಡೆಯಲ್ಲಿ ಮೀಟುತ್ತ ಗೊತ್ತಿರುವ ಒಂದು ಪದ ಹೇಳಿಕೊಳ್ಳುವುದು, ನಡೆ ಕೈಗೆ ಕೂತ ಮೇಲೆ ಇನ್ನೊಂದು ಕೈಗೆ ಚಿಟಿಕೆ ಸೇರಿಸುವುದು. ಮಳೆಗಾಲದಲ್ಲಿ ತೊಗಲು ಸಡಿಲಗೊಂಡು ನಾದ ಇಳಿಯುತ್ತದೆ, ಎಳೆಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ. ಬಿರಡೆ ಜಾರಿದರೆ ಸ್ವಲ್ಪ ಸುಣ್ಣದ ಪುಡಿ ಹಚ್ಚಬೇಕು. ತಂತಿಗೆ ತುಕ್ಕು ಹಿಡಿದರೆ ಒರೆಸಿ ಉಳಿಸುವುದಕ್ಕಿಂತ ಹೊಸದನ್ನು ಕಟ್ಟುವುದೇ ಲೇಸು. ಬುರುಡೆ ಒಡೆದರೆ ಮುಂದಿನ ಸುಗ್ಗಿಯವರೆಗೆ ತಗಡಿನ ಡಬ್ಬಿಯೂ ಆದೀತು.